ಕಣಜ ಸೇರದ ಕಾಳು

ಸುತ್ತಿಗೆ ನನ್ನ ಬೆರಳಿನಿಂದ ನಾಲ್ಕಂಗುಲ ಆಚೆ ಬಿತ್ತು.

ಹಾರ್ಡ್ ಡಿಸ್ಕಿನ ಮುಚ್ಚಳ ತಗ್ಗಿತು. ಎರಡನೇ ಏಟಿಗೆ ಒಳಗಿನ ತಟ್ಟೆಗಳು ಸೊಟ್ಟಗಾದವು. ಮೂರನೇ ಏಟು ಹಾಕುವಾಗ ಆತ ಡಿಸ್ಕನ್ನು ನೋಡಲಿಲ್ಲ. ನನ್ನನ್ನು ನೋಡಿದ.

"ಇದ್ರಲ್ಲಿ ಇನ್ನೇನಾದ್ರೂ ಉಳಿದಿದ್ಯಾ?"

"ಇಲ್ಲ ಸಾರ್. ಇನ್ನು ಗುಜರಿಗೆ ಹಾಕ್ಬೋದು, ಅಷ್ಟೇ."

ಅದು ಸುಳ್ಳಲ್ಲ. ನನಗೆ ಬೇಕಾದದ್ದು ಅದರಲ್ಲಿ ಮೊದಲೇ ಇರಲಿಲ್ಲ.

ಹೇಳುತ್ತೇನೆ, ಸಮಾಧಾನವಾಗಿ ಕೇಳಿ.

ಸುತ್ತಿಗೆ ಹಿಡಿದವನು ಆ ಮನೆಯ ಯಜಮಾನರ ತಮ್ಮನ ಮಗ. ಯಜಮಾನರು ನಿವೃತ್ತ ಹೆಡ್‌ಮಾಸ್ಟರು, ಊರಿಗೆಲ್ಲ ಮೇಷ್ಟ್ರು. ಮೂರು ದಿನದ ಹಿಂದೆ ಮಧ್ಯಾಹ್ನ, ಮಹಡಿ ಮೆಟ್ಟಿಲ ಬುಡದಲ್ಲಿ ತಲೆ ಒಡೆದು ಸತ್ತಿದ್ದರು. ಆ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದವಳು ಅವರನ್ನು ನೋಡಿಕೊಳ್ಳುತ್ತಿದ್ದ ನರ್ಸು. ಔಷಧಿ ತರಲು ಹೋಗಿದ್ದೆ, ಬರುವಷ್ಟರಲ್ಲಿ ಹೀಗಾಗಿತ್ತು ಎಂದಳು. ಅವಳೇ ನೂಕಿದಳು ಎಂದ ಈತ. ಅವಳ ಬಟ್ಟೆ ತುಂಬ ರಕ್ತ. ಪೊಲೀಸರು ಈತನ ಮಾತು ನಂಬಿದರು.

ನರ್ಸು ಲಾಕಪ್ಪಿಗೆ ಹೋದಳು.

ಅವಳು ನನ್ನ ಅಕ್ಕ.

ಆ ಮನೆಯ ಕ್ಯಾಮೆರಾಗಳ ರೆಕಾರ್ಡರ್ ನೋಡಿ ಎಂದು ಇನ್‌ಸ್ಪೆಕ್ಟರ ಮುಂದೆ ಗೋಗರೆದಿದ್ದೆ. ಅದು ಕೆಟ್ಟು ತಿಂಗಳಾಯಿತಂತೆ, ಆದರೂ ನಾಳೆ ಯಾರನ್ನಾದರೂ ಕಳಿಸುತ್ತೇನೆ ಎಂದರು. ಆದರೆ ಅದು ಕೆಟ್ಟಿರಲಿಲ್ಲ. ಮೇಷ್ಟ್ರು ಸತ್ತ ದಿನ ಬೆಳಿಗ್ಗೆಯೂ ಟಿವಿಯ ಪ್ರವಚನ ಅದರಲ್ಲಿ ರೆಕಾರ್ಡ್ ಆಗಿತ್ತು ಎಂದು ಕಂಬಿಯಾಚೆಯಿಂದ ಅಕ್ಕ ಹೇಳಿದ್ದಳು.

ನನ್ನ ಕಂಪ್ಯೂಟರ್ ಅಂಗಡಿಗೆ ಮರಳಿದರೆ ಫೋನು. ಈತನದೇ! ರೆಕಾರ್ಡರಿನ ಕ್ಯಾಬಿನೆಟ್ಟಿನ ಮೇಲೆ ನನ್ನ ಅಂಗಡಿಯ ಸ್ಟಿಕ್ಕರ್ ಇತ್ತಲ್ಲ, ಆ ನಂಬರು ನೋಡಿ ಮಾಡಿದ್ದ. ನಾನು ಯಾರ ತಮ್ಮ ಎಂಬುದು ಅವನಿಗೆ ಗೊತ್ತಿರಲಿಲ್ಲ. ದೊಡ್ಡಪ್ಪನ ಯಂತ್ರ ಅಪ್‌ಗ್ರೇಡ್ ಮಾಡಬೇಕಂತೆ. ಹೊಸ ಡಿಸ್ಕು, ಹೊಸ ಮೆಮೊರಿ, ಎಲ್ಲ ಹೊಸದು. ಜೊತೆಗೆ ಒಂದು ಚೀಟಿ ಬೇಕು. ಡಿಸ್ಕ್ ಸತ್ತಿದೆ ಎಂದು ಬರೆದು, ಹೋದ ತಿಂಗಳ ತಾರೀಖು ಹಾಕಿ ಕೊಡಬೇಕು.

ಕರೆದವನು ಯಮನಾದರೂ ಹೋಗಲೇಬೇಕಿತ್ತು. ದೇವರಿಗೆ ಕೈ ಮುಗಿದೆ. ಟೂಲ್ ಬ್ಯಾಗ್ ಹೆಗಲಿಗೇರಿಸಿದೆ.

ಮಹಡಿಯ ಕೋಣೆಗೆ ಕರೆದೊಯ್ದು ಆತ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತ. ತೊಡೆಯ ಮೇಲೆ ಸುತ್ತಿಗೆ. ರೆಕಾರ್ಡರಿನ ಪ್ಲಗ್ ಗೋಡೆಯಿಂದ ಕಿತ್ತು ಜೋತಾಡುತ್ತಿತ್ತು.

ಅದನ್ನು ಕಂಡಾಗ ನನ್ನ ಉಸಿರು ಒಂದು ಗಳಿಗೆ ನಿಂತಿತು... ಭಯಕ್ಕಲ್ಲ.

ಆ ಯಂತ್ರವನ್ನು ಕಟ್ಟಿದವನು ನಾನೇ. ದುಬಾರಿ ಪ್ರೊಸೆಸರ್ ಬೇಡ ಎಂದು ಮೇಷ್ಟ್ರಿಗೆ ಹೇಳಿದ್ದೆ. ರೆಕಾರ್ಡ್ ಮಾಡುವ ಯಂತ್ರಕ್ಕೆ ಬುದ್ಧಿಗಿಂತ ತಾಳ್ಮೆ ಮುಖ್ಯ. ಉಳಿಸಿದ ದುಡ್ಡನ್ನು ಎಡೆಬಿಡದೆ ಬರೆಯುವ ಡಿಸ್ಕಿಗೂ ಒಳ್ಳೆಯ ಪವರ್ ಸಪ್ಲೈಗೂ ಹಾಕಿದೆವು. ಆದರೆ ಟಿವಿಯ ಒಂದು, ಕ್ಯಾಮೆರಾಗಳ ನಾಲ್ಕು, ಹೀಗೆ ಐದು ಚಿತ್ರ ಒಟ್ಟಿಗೆ ನುಗ್ಗಿದರೆ ಎಂಥ ಡಿಸ್ಕೂ ತಡವರಿಸುತ್ತದೆ. ಅದಕ್ಕೇ ಮದರ್‌ಬೋರ್ಡಿನ ಮೇಲೆ ಡಿಸ್ಕಿಗಿಂತ ವೇಗವಾಗಿ ಬರೆಯುವ, ಬೆರಳಗಲದ ಒಂದು ಎಸ್‌ಎಸ್‌ಡಿ ಕೂರಿಸಿದ್ದೆ. ದಿನದ ಚಿತ್ರವೆಲ್ಲ ಮೊದಲು ಅದಕ್ಕೆ ಬೀಳುತ್ತದೆ. ಬೆಳಗಿನ ಜಾವ ಒಟ್ಟಿಗೆ ದೊಡ್ಡ ಡಿಸ್ಕಿಗೆ ಸಾಗುತ್ತದೆ. ಕಾಳು ಮೊದಲು ಕಣದಲ್ಲಿ, ಆಮೇಲೆ ಕಣಜದಲ್ಲಿ. ಹಾಗೆ ಹೇಳಿದಾಗ ಮೇಷ್ಟ್ರು ತಲೆದೂಗಿದ್ದರು.

ಈತ ಕಂಗಾಲಾಗಿ ಪ್ಲಗ್ ಕಿತ್ತಿದ್ದ. ಸುಮ್ಮನೆ ಬಿಟ್ಟಿದ್ದರೆ ಆ ದಿನದ ಕಾಳು ಕಣಜ ಸೇರಿ ಈಗ ಸುತ್ತಿಗೆಯ ಕೆಳಗೆ ಹುಡಿಯಾಗುತ್ತಿತ್ತು. ಪಾಪಕ್ಕೆ ಯಾವಾಗಲೂ ಅವಸರ. ದೇವರಿಗೆ ಎಂದೂ ಇಲ್ಲ.

ಕಾಳು ಇನ್ನೂ ಕಣದಲ್ಲೇ ಇತ್ತು.

ದೊಡ್ಡ ಡಿಸ್ಕನ್ನು ಮೊದಲು ಬಿಚ್ಚಿ ಅವನ ಕಾಲ ಬಳಿ ಇಟ್ಟದ್ದು ಅದಕ್ಕೇ. ಆತ ಅದನ್ನು ಕುಟ್ಟಿದ. ನಾನು ಹಳೆಯ ಮೆಮೊರಿ ಪಟ್ಟಿಗಳನ್ನು ತೆಗೆದೆ. ಆಮೇಲೆ ಆ ಎಸ್‌ಎಸ್‌ಡಿಯ ಸ್ಕ್ರೂ ಸಡಿಲಿಸಿದೆ. ಅದು ಅಂಗೈಗೆ ಬಂತು.

"ಏನದು ಕೈಯಲ್ಲಿ?"

ಹಳೆಯ ಮೆಮೊರಿ ಎಂದೆ. ಇಷ್ಟು ಸಣ್ಣದಾ ಎಂದು ಕೇಳಿದ. ಈಗಿನ ಕಾಲದ್ದು ಎಲ್ಲ ಸಣ್ಣದೇ ಸಾರ್ ಎಂದೆ. ಆತ ಯೋಚಿಸಿದ. ಸುತ್ತಿಗೆಯ ತುದಿಯಿಂದ ನೆಲ ತೋರಿಸಿದ.

"ಇಡು ಇಲ್ಲಿ. ಅದನ್ನೂ ಕುಟ್ತೀನಿ."

ಇಪ್ಪತ್ತೈದು ವರ್ಷದಿಂದ ಸ್ಕ್ರೂ ಹಿಡಿದ ಬೆರಳುಗಳು ನನ್ನವು. ಬಗ್ಗಿದೆ. ಎಸ್‌ಎಸ್‌ಡಿ ಅಂಗಿಯ ತೋಳಿಗೆ ಜಾರಿತು. ಮೆಮೊರಿ ಪಟ್ಟಿಯೊಂದು ನೆಲಕ್ಕೆ ಬಂತು. ಅದೂ ಹಸಿರು, ಅದೂ ತೆಳು. ಎರಡೇ ಏಟಿಗೆ ಚೂರಾಯಿತು. ಆತನ ಮುಖದ ಮೇಲೆ ಊಟ ಮುಗಿಸಿದವನ ತೃಪ್ತಿ.

ಆಗ ಕೆಳಗೆ, ನಡುಮನೆಯಲ್ಲಿ, ಮೇಷ್ಟ್ರ ಫೋನು ಹೊಡೆದುಕೊಂಡಿತು.

ಚೀಟಿ ಬರೆದಿಡು ಎಂದು ಹೇಳಿ ಆತ ಸುತ್ತಿಗೆ ಹಿಡಿದೇ ಇಳಿದ. ಹೌದು ಇನ್‌ಸ್ಪೆಕ್ಟರೇ, ನಾಳೆ ಕಳಿಸಿ, ಎಂದು ವಿನಯವಾಗಿ ಹೇಳುವುದು ಕೇಳಿಸಿತು. ಫೋನ್ ಇಟ್ಟ ಸದ್ದೂ ಕೇಳಿಸಿತು.

ಆಮೇಲೆ ಏನೂ ಕೇಳಿಸಲಿಲ್ಲ.

ಆ ಮೌನದ ಅರ್ಥ ನನಗೆ ಹೊಳೆಯಿತು. ಫೋನಿನ ಪಕ್ಕದಲ್ಲಿ ಮೇಷ್ಟ್ರ ನಂಬರು ಪುಸ್ತಕ ಇರುತ್ತದೆ. ಹೆಸರು ಮರೆತೀತು, ಸಂಬಂಧ ಮರೆಯುವುದಿಲ್ಲ ಎನ್ನುತ್ತಿದ್ದರು ಅವರು. ಅದರಲ್ಲಿ ಯಾರ ಹೆಸರೂ ಇಲ್ಲ. ಹಾಲಿನವಳ ಗಂಡ, ದರ್ಜಿಯ ಮಾವ, ಹೀಗೆಯೇ ಎಲ್ಲ. ನನ್ನ ನಂಬರಿನ ಮುಂದೆ, ಕಂಪ್ಯೂಟರಿನವನು. ಅದರ ಕೆಳಗಿನ ಸಾಲಿನಲ್ಲಿ, ದುಂಡಗಿನ ಅಕ್ಷರದಲ್ಲಿ, ಕಂಪ್ಯೂಟರಿನವನ ಅಕ್ಕ, ನರ್ಸು. ಆತ ಅದನ್ನೇ ಓದುತ್ತಿರಬೇಕು.

ಮೆಟ್ಟಿಲ ಮೇಲೆ ಹೆಜ್ಜೆ. ನಿಧಾನದ ಹೆಜ್ಜೆ.

ಬೇರೆ ದಾರಿ ಇರಲಿಲ್ಲ. ಕಿಟಕಿಗೆ ಕಂಬಿ. ಇಳಿಯುವುದಿದ್ದರೆ ಮೇಷ್ಟ್ರು ಉರುಳಿದ ಮೆಟ್ಟಿಲನ್ನೇ ಇಳಿಯಬೇಕು. ಬಿಚ್ಚಿಟ್ಟಿದ್ದ ಹಳೆಯ ಪವರ್ ಸಪ್ಲೈಯನ್ನು ಅದರ ವೈರುಗಳ ಗೊಂಚಲಿನಿಂದ ಎತ್ತಿ ಹಿಡಿದೆ. ಒಂದೂವರೆ ಕೇಜಿ ಕಬ್ಬಿಣ. ಒಳ್ಳೆಯದನ್ನೇ ಹಾಕಿದ್ದೆನಲ್ಲ!

ಆತ ಬಾಗಿಲಲ್ಲಿ ನಿಂತ. ದನಿ ಏರಿಸಲಿಲ್ಲ.

"ನಿಮ್ಮಕ್ಕ ಹೊರಗೆ ಬರಲ್ಲ ಕಣಯ್ಯ. ನೀನೂ ಬರಲ್ಲ."

ಸುತ್ತಿಗೆ ಬಂತು. ಎಡಗೈ ಅಡ್ಡ ಕೊಟ್ಟೆ. ಮಣಿಕಟ್ಟಿನೊಳಗೆ ಏನೋ ಒಣಕಡ್ಡಿಯಂತೆ ಮುರಿಯಿತು. ಬಲಗೈ ಪವರ್ ಸಪ್ಲೈ ಬೀಸಿತು. ಅದು ಅವನ ಮೊಣಕಾಲಿಗೆ ಬಡಿಯಿತು. ಆತ ಗೋಡೆಗೆ ಒರಗಿದ. ನಾನು ಅವನನ್ನು ದಾಟಿ ಮೆಟ್ಟಿಲಿಗೆ ಬಿದ್ದೆ. ಬಿದ್ದೆ ಎಂದರೆ ನಿಜಕ್ಕೂ ಬಿದ್ದೆ. ಬುಡದಲ್ಲಿ ಎದ್ದಾಗ ತೋಳಿನೊಳಗೆ ಆ ಬೆರಳಗಲದ ತುಂಡು ಇನ್ನೂ ಚುಚ್ಚುತ್ತಿತ್ತು. ಆ ನೋವಿನಷ್ಟು ಹಿತ ನನಗೆ ಯಾವುದೂ ಆಗಿಲ್ಲ.

ಬೀದಿ. ಹಿಂದೆ ಅವನ ಕಾರಿನ ಸದ್ದು. ಮೊದಲ ತಿರುವಿನಲ್ಲಿ ಕಾರಿನ ಕನ್ನಡಿ ನನ್ನ ಸೊಂಟ ಸವರಿತು. ಎರಡು ಗೋಡೆಗಳ ನಡುವಿನ ಸಂದಿಗೆ ನುಗ್ಗಿದೆ. ಅಲ್ಲಿ ಸೈಕಲ್ ಹೋಗುವುದೇ ಕಷ್ಟ. ಕಾರು ಸಂದಿಯ ಬಾಯಲ್ಲೇ ಸಿಕ್ಕಿಕೊಂಡು ಒರಲಿತು. ಒಗೆದ ಬಟ್ಟೆಗಳ ಕೆಳಗೆ ನುಸುಳಿ, ಯಾರದೋ ನೀರಿನ ಕೊಡ ಉರುಳಿಸಿ, ಬೈಗುಳ ತಿಂದು ಓಡಿದೆ. ಬಾಯಲ್ಲಿ ದೇವರ ನಾಮ. ಪೂರ್ತಿ ಹೇಳಲು ಉಸಿರು ಸಾಲದೆ ಅರ್ಧಕ್ಕೇ ನಿಲ್ಲಿಸುತ್ತಿದ್ದೆ.

ಸ್ಟೇಷನ್ನಿನಲ್ಲಿ ಇನ್‌ಸ್ಪೆಕ್ಟರು ಮೊದಲು ನನ್ನ ಕೈ ನೋಡಿದರು. ಆಮೇಲೆ ನಾನು ತೋಳಿನಿಂದ ತೆಗೆದ ತುಂಡು ನೋಡಿದರು. ಇದೇನು ಎಂದರು. ಮೇಷ್ಟ್ರ ಕೊನೆಯ ದಿನ ಎಂದೆ.

ಅವರ ಕಂಪ್ಯೂಟರಿಗೆ ಜೋಡಿಸಿದೆ. ಒಂದೇ ಕೈಯಲ್ಲಿ.

ಮೆಟ್ಟಿಲ ಕ್ಯಾಮೆರಾದ ಚಿತ್ರ. ಮೇಲೆ ಮೇಷ್ಟ್ರು ನಿಂತಿದ್ದರು. ಮನೆ ಮಾರುವ ಕಾಗದ ಹಿಡಿದು ತಮ್ಮನ ಮಗ ನಿಂತಿದ್ದ. ಮೇಷ್ಟ್ರು ತಲೆ ಅಲ್ಲಾಡಿಸಿದರು. ಪೆನ್ನು ವಾಪಸು ಕೊಟ್ಟರು. ಒಂದು ಕೈ ಮುಂದೆ ಬಂತು.

ಅಷ್ಟಕ್ಕೆ ಮುಗಿಯಲಿಲ್ಲ. ಮೇಷ್ಟ್ರು ಕೂಡಲೇ ಸಾಯಲಿಲ್ಲ. ಆತ ಇಳಿದು ಬಂದು ಅವರ ಪಕ್ಕದ ಮೆಟ್ಟಿಲ ಮೇಲೆ ಕೂತ. ಇಪ್ಪತ್ತೆರಡು ನಿಮಿಷ ಕೂತ. ನಡುನಡುವೆ ಗಡಿಯಾರ ನೋಡಿದ. ಎಲ್ಲ ಅಡಗಿದ ಮೇಲೆ ಎದ್ದು ಮಹಡಿಗೆ ಹೋದ. ಚಿತ್ರ ಅಲ್ಲಿಗೆ ನಿಂತಿತು.

ಇನ್‌ಸ್ಪೆಕ್ಟರು ಟೋಪಿ ತೆಗೆದು ಮೇಜಿನ ಮೇಲಿಟ್ಟರು. ಸಂಜೆಗೆ ತಮ್ಮನ ಮಗ ಅಕ್ಕ ಇದ್ದ ಲಾಕಪ್ಪಿನಲ್ಲಿದ್ದ. ಕುಂಟುತ್ತಾ ಹೋದನಂತೆ.

ಅಕ್ಕ ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತಳು. ಬಿಡುಗಡೆಯ ಮಾತಾಡಲಿಲ್ಲ. ನನ್ನ ಕೈಯ ಬ್ಯಾಂಡೇಜ್ ಬಿಚ್ಚಿ, ಕಟ್ಟಿದವರನ್ನು ಬೈದು, ಮತ್ತೆ ತಾನೇ ಕಟ್ಟಿದಳು. ಗಂಟು ಹಾಕುವಾಗ ತಲೆ ಎತ್ತದೆ ಕೇಳಿದಳು.

"ಔಷಧಿ ಅಂಗಡೀಲಿ ಸಾಲು ಜಾಸ್ತಿ ಇತ್ತು ಕಣೋ. ಆ ಹೊತ್ತಲ್ಲಿ ಅವರು ನನ್ನ ಕರೆದ್ರಾ?"

ಹನ್ನೊಂದು ಸಲ. ನಾನು ಎಣಿಸಿದ್ದೆ. ಮಗಳೇ ಎಂದು ಕರೆದಿದ್ದರು.

"ಅದ್ರಲ್ಲಿ ಬರೀ ಚಿತ್ರ, ಅಕ್ಕ. ಧ್ವನಿ ಇಲ್ಲ."

ಅವಳು ಉಸಿರು ಬಿಟ್ಟಳು. ಗಂಟು ಬಿಗಿ ಮಾಡಿದಳು.

ಮುಂದಿನ ತಿಂಗಳು ಕೋರ್ಟಿನಲ್ಲಿ ಆ ಚಿತ್ರ ಹಾಕುತ್ತಾರೆ, ಎಲ್ಲರೆದುರು, ಸ್ಪೀಕರ್ ಸಮೇತ. ಅಲ್ಲಿಯವರೆಗೆ ಆ ಸುಳ್ಳಿಗೆ ನನ್ನ ವಾರಂಟಿ ಇದೆ.