ಹೆಸರಿನ ಮುಂದಿನ ‘ದಿ.’

ಧಾರವಾಡದ ವಿಶ್ವವಿದ್ಯಾಲಯವೊಂದರಲ್ಲಿ ನಾನು ಡಿಸೈನರ್. ಸ್ವಾಗತವಿರಲಿ, ಶ್ರದ್ಧಾಂಜಲಿಯಿರಲಿ, ಎಲ್ಲರಿಗೂ ಬ್ಯಾನರ್ ಈಗಲೇ ಬೇಕು. ತೀರಿಹೋದ ನಮ್ಮ ಲೈಬ್ರರಿಯ ಮೇಡಂ ಅವರ ಶ್ರದ್ಧಾಂಜಲಿ ಬ್ಯಾನರನ್ನು ಆ ಮಧ್ಯಾಹ್ನ ಮಾಡುತ್ತಿದ್ದೆ. ಪರದೆಯ ಮೇಲೆ ‘ದಿ. ಜಯಮಾಲಾ’ ಎಂದಿತ್ತು, ಪ್ರಿಂಟಿನಲ್ಲಿ ‘ಶ್ರೀಮತಿ ಜಯಮಾಲಾ’ ಎಂದು ಬಂತು. ದಣಿದ ಕಣ್ಣು, ನಾನೇ ತಪ್ಪು ಮಾಡಿರಬೇಕೆಂದು ಮತ್ತೆ ಪ್ರಿಂಟ್ ತೆಗೆದೆ. ಮತ್ತೆ ‘ಶ್ರೀಮತಿ’. ಆಗಷ್ಟೇ ಹೊರಬಂದ ಫ್ಲೆಕ್ಸ್ ಬೆಚ್ಚಗಿತ್ತು. ಆ ಪದದ ಮೇಲೆ ಮಾತ್ರ ಒದ್ದೆ ಬಟ್ಟೆಯ ಹಾಗೆ ತಣ್ಣಗಿತ್ತು.

ಮನೆಯ ಮುಂದೆ ಕಟ್ಟಲು ಅದನ್ನು ಒಯ್ಯಲೆಂದು ಅವರ ಯಜಮಾನರು ರಾಜರತ್ನ ಮಾಳಮಡ್ಡಿಯಿಂದ ಬಂದು ಕೂತಿದ್ದರು.

“ತಪ್ಪಾಗೇತ್ರಿ ಸರ್, ಇನ್ನೊಂದು ತಗದು ಕೊಡ್ತೇನಿ” ಎಂದೆ.

ಅವರು ಆ ಪದವನ್ನು ಬೆರಳಿನಿಂದ ಮೆಲ್ಲಗೆ ಸವರಿದರು.

“ಬ್ಯಾಡ್ರಿ, ಹಂಗ ಇರ್ಲಿ,” ಎಂದು ಬ್ಯಾನರ್ ಸುತ್ತತೊಡಗಿದರು. “ಮನ್ಯಾಗ ಜಯಮಾಲಾಗ ಇನ್ನೂ ಹೇಳಿಲ್ರಿ.”