ಹವಳದ ತೊಟ್ಟಿಗೆ ಬಂದ ಮೂರು ಮೀನು

ಬಹಳ ಬಹಳ ಹಿಂದೆ, ನೆಲ ಮುಗಿದು ಕಡಲು ಶುರುವಾಗುವ ಕಡೆ, ಅಲರಗೇರಿ ಎಂಬ ಒಂದು ರಾಜ್ಯವಿತ್ತು. ಅಲ್ಲಿಯ ಅರಸ ಎರೆಯಂಗನಿಗೆ ಇಬ್ಬರು ಹೆಣ್ಣುಮಕ್ಕಳು. ಹಿರಿಯಳು ಬಾಚಲೆ, ಕಿರಿಯಳು ಚಂದವ್ವೆ. ತಾಯಿ ತೀರಿಕೊಂಡ ಮೇಲೆ ಚಂದವ್ವೆಯನ್ನು ಎತ್ತಿ ಆಡಿಸಿ ದೊಡ್ಡವಳನ್ನಾಗಿ ಮಾಡಿದವಳು ಬಾಚಲೆಯೇ.

ಅರಮನೆಯ ನಡುಕೋಣೆಯಲ್ಲಿ ಒಂದು ಗಾಜಿನ ತೊಟ್ಟಿ ಇತ್ತು. ತೊಟ್ಟಿಲಿಗಿಂತ ದೊಡ್ಡದಲ್ಲ. ಅದರ ತುಂಬ ಕಡಲ ನೀರು, ನೀರಿನೊಳಗೆ ಜೀವಂತ ಹವಳ. ಅರಮನೆಯಲ್ಲಿ ಬಾಳುವ ಒಬ್ಬೊಬ್ಬರ ಉಸಿರೂ ಆ ಹವಳದ ಒಂದೊಂದು ಟಿಸಿಲಿನಲ್ಲಿತ್ತು. ಟಿಸಿಲು ಅರಳಿದ್ದರೆ ಆ ಮನುಷ್ಯ ಕ್ಷೇಮವಾಗಿದ್ದ ಹಾಗೆ.

ಒಂದು ಬೆಳಗ್ಗೆ ಬಾಚಲೆ ನೋಡುತ್ತಾಳೆ, ಹವಳದ ಬುಡದ ಕಲ್ಲಿನ ಮೇಲೆ ಹೊಸದೊಂದು ಹೂವು. ಗಾಜಿನಂಥ ಮೈ, ಕೂದಲಿನಂಥ ಎಸಳು. ನೀರು ನಿಂತಿದ್ದರೂ ಎಸಳುಗಳು ಏನನ್ನೋ ಹುಡುಕುವಂತೆ ಆಡುತ್ತಿದ್ದವು. ಒಂದು ಎಸಳು ಹತ್ತಿರದ ಟಿಸಿಲನ್ನು ಸವರಿತು. ಟಿಸಿಲು ಮುದುಡಿತು.

ಬಾಗಿಲು ಕಾಯುವ ಬೀರ ಒಳಗೆ ಬಂದು ಕೈ ಚಾಚಿದ.

"ಅಮ್ಮಣ್ಣಿ, ಸ್ವಲ್ಪ ನೋಡಿ. ನೋವೇನೂ ಇಲ್ಲ" ಎಂದ.

ಅವನ ಅಂಗೈ ಗಾಜಾಗಿತ್ತು. ಅದರ ಆಚೆಗೆ ನೆಲದ ಕಲ್ಲು ಕಾಣುತ್ತಿತ್ತು.

ಅರಸ ತನ್ನ ವೈದ್ಯ ಮಸಣಯ್ಯನನ್ನು ಕರೆಸಿದ. ಅವನು ಹಿಂದಿನ ಮಳೆಗಾಲದಲ್ಲಿ ಎಲ್ಲಿಂದಲೋ ಬಂದು ಅರಮನೆ ಸೇರಿಕೊಂಡವನು. "ಕತ್ತರಿಸಿ ಹಾಕಿ ಪ್ರಭು" ಎಂದ. ಅರಸ ಕತ್ತರಿಸಿದ. ಬೆಳಗಾಗುವಷ್ಟರಲ್ಲಿ ಒಂದಿದ್ದ ಕಡೆ ಹತ್ತು ಹೂವು. "ಇನ್ನೂ ಕತ್ತರಿಸಿ" ಎಂದ ಮಸಣಯ್ಯ. ಹತ್ತು ಇದ್ದದ್ದು ನೂರಾಯಿತು. ಮೂರನೆಯ ಸಲ ಕತ್ತರಿಸಲು ಅರಸನಿಗೆ ಕೈಗಳೇ ಇರಲಿಲ್ಲ. ಇದ್ದವು, ಆದರೆ ಗಾಜಾಗಿ ಅವನ ಮಾತು ಕೇಳುತ್ತಿರಲಿಲ್ಲ.

ಪೂರ್ತಿ ಗಾಜಾದವರು ಸಾಯುತ್ತಿರಲಿಲ್ಲ. ಸದ್ದಿಲ್ಲದೆ ಓಡಾಡುತ್ತಿದ್ದರು, ನೀರು ಸೇದುತ್ತಿದ್ದರು, ದೀಪ ಹಚ್ಚುತ್ತಿದ್ದರು. ಹೆಂಡತಿ ಮಕ್ಕಳು ಹೆಸರು ಹಿಡಿದು ಕೂಗಿದರೂ ತಿರುಗಿ ನೋಡುತ್ತಿರಲಿಲ್ಲ. ಮಸಣಯ್ಯ ಕೆಮ್ಮಿದರೆ ಸಾಕು, ಎಲ್ಲರೂ ಒಟ್ಟಿಗೆ ತಿರುಗುತ್ತಿದ್ದರು. ಅರಸನೂ ಕೂಡ.

ಅದನ್ನು ಕಂಡ ದಿನ ಬಾಚಲೆ ತಂಗಿಯನ್ನು ಹುಡುಕಿಕೊಂಡು ಹೊರಟಳು. ಅಷ್ಟರಲ್ಲಿ ಚಂದವ್ವೆ ಬಂದು ಲಂಗ ಎತ್ತಿ ತೋರಿಸಿದಳು. ಎರಡೂ ಪಾದ ಗಾಜು.

"ಅಕ್ಕಾ, ನಾನೂ ಅಪ್ಪನ ಹಾಗೆ ಆಗ್ತೀನಾ?"

"ಆಗೋಕೆ ನಾನು ಬಿಡಲ್ಲ" ಎಂದು ಬಾಚಲೆ ಅವಳನ್ನು ಮಲಗಿಸಿ, ಕತ್ತರಿಸಿದರೆ ಹಬ್ಬುವ ಹೂವನ್ನು ತಿಂದು ಮುಗಿಸುವ ಮೀನು ಕಡಲಲ್ಲಿ ಇದ್ದೀತು ಎಂದುಕೊಂಡು, ಒಂದು ತಾಮ್ರದ ಕೊಡ ಎತ್ತಿಕೊಂಡು ಹೋದಳು.

ಇಳಿತದ ಹೊತ್ತು. ನೀರು ಹಿಂದೆ ಸರಿದು ಕರಿಬಂಡೆಗಳು ಬಾಯಿ ತೆರೆದಿದ್ದವು. ಬಂಡೆಯ ಮೇಲೆ ಗಾಡಿಯಷ್ಟು ದೊಡ್ಡ ಏಡಿ ಕುಳಿತಿತ್ತು. ಅದಕ್ಕೆ ಮುದುಕಿಯ ದನಿ.

"ಯಾಕೆ ಬಂದೆ ಮಗಾ?"

"ಗಾಜುಹೂವು ತಿನ್ನೋ ಮೀನು ಬೇಕಾಗಿತ್ತು, ಅಜ್ಜಿ."

"ಮೂರು ಗವಿಯಿದೆ. ಮೂರರಲ್ಲೂ ಗಾಜುಹೂವು ತಿನ್ನುವ ಮೀನೇ ಇದೆ. ನೀರು ಏರಿ ಭರತ ಬರುವ ಮೊದಲು ಹೊರಗೆ ಬಾ."

ಮೊದಲ ಗವಿಯಲ್ಲಿ ಮುಳುಗಿಹೋದ ನಾವಿಕರು ಸಾಲಾಗಿ ಕುಳಿತಿದ್ದರು. ಅವಳು ದಾಟುವಾಗ ಒಬ್ಬೊಬ್ಬನೂ ತನ್ನ ಊರಿನ ಹೆಸರು ಹೇಳಿ, "ಅಲ್ಲಿ ನಮ್ಮನ್ನು ಕೇಳಿದರಾ?" ಎನ್ನುತ್ತಿದ್ದ. ಉತ್ತರ ಕೊಡಲು ನಿಂತರೆ ಭರತ ಬರುತ್ತದೆ. ಬಾಚಲೆ ತುಟಿ ಕಚ್ಚಿ ನಡೆದಳು. ಕೊನೆಯ ಹೊಂಡದಲ್ಲಿ ಹಳದಿ ಪಟ್ಟೆಯ, ಉದ್ದ ಮೂತಿಯ ಚಿಟ್ಟೆಮೀನು. ಅಂಥ ಚೆಲುವನ್ನು ಅವಳು ಕಂಡಿರಲಿಲ್ಲ. ಹಿಡಿದು ತಂದಳು.

ಚಿಟ್ಟೆಮೀನು ಮಧ್ಯಾಹ್ನದೊಳಗೆ ಅರ್ಧ ಗಾಜುಹೂವು ತಿಂದು ಹಾಕಿತು. ಬೀರನ ಅಂಗೈಗೆ ರಕ್ತದ ಬಣ್ಣ ಬಂತು. ಆಮೇಲೆ ಮೀನು ತಿರುಗಿ ಹವಳದ ಒಂದು ಟಿಸಿಲನ್ನು ಕುಕ್ಕಿತು. ಅಡುಗೆಮನೆಯಲ್ಲಿ ಯಾರೋ ದೊಪ್ಪನೆ ಬಿದ್ದರು. ಇನ್ನೊಂದು ಸಲ ಕುಕ್ಕಿತು. ಅಂಗಳದಲ್ಲಿ ಇನ್ನೊಬ್ಬರು ಬಿದ್ದರು. ಬಾಚಲೆ ಮೀನನ್ನು ಹಿಡಿದು ಕಡಲಿಗೆ ಬಿಟ್ಟಳು. ಬಿದ್ದವರು ಬದುಕಿಕೊಂಡರು, ಆದರೆ ಅವರಿಗೆ ಎದ್ದು ಕೂರಲು ಆಗಲಿಲ್ಲ. ಗಾಜುಹೂವು ಮತ್ತೆ ಹಬ್ಬಿತು.

ಎರಡನೆಯ ಗವಿಯಲ್ಲಿ ಕಪ್ಪು ಪಾಚಿ ಹೆಂಗಸರ ಜಡೆಯಂತೆ ಇಳಿಬಿದ್ದು ಕಾಲಿಗೆ ಸುತ್ತಿಕೊಳ್ಳುತ್ತಿತ್ತು. ಬಿಡಿಸಿದಷ್ಟೂ ಅದು ನಗುವ ಸದ್ದು ಮಾಡುತ್ತಿತ್ತು. ಅಲ್ಲಿಂದ ಅವಳು ಕಲ್ಲು ಕಡಿಯುವ ಹಲ್ಲಿನ ಒಂದು ಮೀನು ತಂದಳು. ಅದು ಹವಳವನ್ನು ಮೂಸಿಯೂ ನೋಡಲಿಲ್ಲ. ಆದರೆ ತಿಂದಷ್ಟೂ ಬೆಳೆಯಿತು. ಸಂಜೆಗೆ ಮೊಣಕೈಯುದ್ದ, ಬೆಳಗಾದಾಗ ತೊಟ್ಟಿಯುದ್ದ. ತಿರುಗಲು ಜಾಗವಿಲ್ಲದೆ ಬಾಲ ಬೀಸಿದಾಗ ಟಿಸಿಲುಗಳು ಮುರಿದು ಇನ್ನೂ ಕೆಲವರು ಹಾಸಿಗೆ ಹಿಡಿದರು, ತೊಟ್ಟಿಯ ಗಾಜು ಬಿರುಕು ಬಿಟ್ಟಿತು. ಬಾಚಲೆ ಬಿರುಕಿಗೆ ಅರಗು ಮೆತ್ತಿ, ಆ ಮೀನನ್ನೂ ಹೊತ್ತುಕೊಂಡು ಹೋಗಿ ಬಿಟ್ಟು ಬಂದಳು.

ಚಂದವ್ವೆ ಈಗ ಕುತ್ತಿಗೆಯವರೆಗೆ ಗಾಜು. ಮಸಣಯ್ಯ ಹಾಸಿಗೆಯ ಪಕ್ಕ ನಿಂತು, "ಸುಮ್ಮನೆ ಯಾಕೆ ಆಯಾಸ ತಾಯಿ? ನಾಳೆಗೆ ಎಲ್ಲರೂ ಒಂದೇ ಆಗುತ್ತೀರಿ. ಜಗಳವಿರುವುದಿಲ್ಲ, ಎದುರುಮಾತಿರುವುದಿಲ್ಲ" ಎಂದು ಮೆಲ್ಲಗೆ ಹೇಳಿದ.

ಬಾಚಲೆ ಮೂರನೆಯ ಸಲ ಏಡಿಯ ಎದುರು ನಿಂತಳು. ಈ ಸಲ ಗವಿಗೆ ನುಗ್ಗಲಿಲ್ಲ.

"ಅಜ್ಜಿ, ಕೊನೆಯ ಮೀನು ಎಷ್ಟು ಬೆಳೆಯುತ್ತದೆ?"

"ನಿನ್ನ ಅಂಗೈಯಷ್ಟು. ಅದಕ್ಕಿಂತ ಹೆಚ್ಚಿಲ್ಲ."

"ಗಾಜುಹೂವು ಮುಗಿದ ಮೇಲೆ ಅದು ಏನು ತಿನ್ನುತ್ತದೆ?"

ಏಡಿ ಕಣ್ಣು ಆಡಿಸಿತು. "ಚಿಪ್ಪಿನ ಮಾಂಸ ಹಾಕಿದರೆ ತಿನ್ನುತ್ತದೆ. ಹೊಟ್ಟೆ ತುಂಬಿದ್ದರೆ ಹವಳದ ತಂಟೆಗೆ ಹೋಗುವುದಿಲ್ಲ. ಉಪವಾಸ ಕೆಡವಿದರೆ ನಾನು ಹೊಣೆಯಲ್ಲ."

ಮೂರನೆಯ ಗವಿ ಖಾಲಿಯಿತ್ತು. ಒಳಗೆ ಚಂದವ್ವೆ ಒಬ್ಬಳೇ ನಿಂತಿದ್ದಳು. ಗಾಜಿಲ್ಲ, ಮೈತುಂಬ ರಕ್ತ ಮಾಂಸ, ಕೆನ್ನೆಯಲ್ಲಿ ಕೆಂಪು.

"ಅಕ್ಕಾ, ನನಗೆ ವಾಸಿಯಾಯ್ತು. ಮೀನು ಬೇಡ, ನನ್ನ ಎತ್ಕೋ. ಮನೆಗೆ ಹೋಗೋಣ."

ಬಾಚಲೆಯ ಕೈ ತಾನಾಗಿ ಚಾಚಿತು. ಆಗ ನೋಡಿದಳು: ತನ್ನ ಮೊಣಕಾಲಿಗೆ ನೀರು ಬಂದಿತ್ತು, ಆದರೆ ಚಂದವ್ವೆಯ ಲಂಗ ಒದ್ದೆಯಾಗಿರಲಿಲ್ಲ. ಅವಳು ಕಣ್ಣು ಮುಚ್ಚಿಕೊಂಡು ಹೊಂಡದಲ್ಲಿ ತಡಕಾಡಿದಳು. ಕಿವಿಯ ಹತ್ತಿರವೇ "ಅಕ್ಕಾ, ಅಕ್ಕಾ" ಎಂಬ ಅಳು. ಅವಳೂ ಅಳುತ್ತಲೇ ತಡಕಿದಳು. ಒರಟಾದದ್ದೇನೋ ಕೈಗೆ ಸಿಕ್ಕಿತು. ಎತ್ತಿ ಕೊಡಕ್ಕೆ ಹಾಕಿಕೊಂಡು, ಎದೆಮಟ್ಟದ ನೀರಿನಲ್ಲಿ ಹೊರಗೆ ಬಂದಳು.

ಅದು ಒಣಗಿದ ಎಲೆಯಂಥ ಮೀನು. ಬೆನ್ನ ಮೇಲೊಂದು ಮುಳ್ಳು, ಸೂಜಿಯಲ್ಲಿ ಚುಚ್ಚಿಟ್ಟಂಥ ಪುಟ್ಟ ಬಾಯಿ. ತೊಟ್ಟಿಗೆ ಬಿಟ್ಟೊಡನೆ ಕಲ್ಲಿನ ಬಣ್ಣ ತಾಳಿ ಕಾಣದಾಯಿತು. ಹೊತ್ತು ಏರಿತು, ಹೊತ್ತು ಇಳಿಯಿತು. ಮೀನು ಅಲುಗಲಿಲ್ಲ.

"ಸತ್ತಿದೆ. ಬಿಸಾಡಿ" ಎಂದ ಮಸಣಯ್ಯ, ಮತ್ತು ಕೆಮ್ಮಿದ. ಗಾಜಿನ ಜನ ಬಾಗಿಲಲ್ಲಿ ತುಂಬಿಕೊಂಡರು. ಅವರ ಮುಂದೆ ಅರಸ. ಬಾಚಲೆ ತೊಟ್ಟಿಗೆ ಬೆನ್ನು ಕೊಟ್ಟು ನಿಂತಳು. ಅಪ್ಪನ ತಣ್ಣನೆಯ ಬೆರಳು ಅವಳ ಕತ್ತಿನ ಮೇಲೆ ಬಿತ್ತು.

"ಅಪ್ಪಾ, ಇದು ನಾನು" ಎಂದಳು. ಬೆರಳು ಬಿಗಿಯಿತು.

ಹಿಂದಿನಿಂದ 'ಟಿಕ್' ಎಂಬ ಸಣ್ಣ ಸದ್ದು. ಮೀನು ಒಂದು ಗಾಜುಹೂವನ್ನು ಬುಡಸಮೇತ ಕಿತ್ತು ನುಂಗಿತ್ತು. ಇನ್ನೊಂದು. ಮತ್ತೊಂದು. ತಲೆ ಕೆಳಗೆ ಮಾಡಿ, ಬೇರೆ ಯಾವ ಮೀನಿನ ಬಾಯಿಯೂ ಹೋಗದ ಸಂದಿಗಳಿಗೆ ಬಾಯಿ ಹಾಕಿ ತಿನ್ನುತ್ತಿತ್ತು. ಕೊನೆಗೆ ಕಲ್ಲಿನ ಒಂದು ತೂತಿನೆದುರು ನಿಂತಿತು. ತೂತಿನೊಳಗೆ ಎಲ್ಲಕ್ಕೂ ತಾಯಾದ ಹೂವಿತ್ತು. ಅದರ ನಡುವೆ ಸಾಸಿವೆಯಷ್ಟು ಒಂದು ಮುಖ. ಮಸಣಯ್ಯನ ಮುಖ.

ಮಸಣಯ್ಯ ಓಡಿ ಬಂದು ನೀರಿಗೆ ಕೈ ಹಾಕಿದ. "ಬೇಡ, ಅದೊಂದು ಬಿಡು, ಬೇಕಾದ್ದು ಕೊಡುತ್ತೇನೆ" ಎಂದು ಮೀನಿಗೇ ಅಂಗಲಾಚಿದ. ಮೀನಿಗೆ ಮಾತು ತಿಳಿಯುವುದಿಲ್ಲ. ಅದು ತಿಂದುಬಿಟ್ಟಿತು.

ಮಸಣಯ್ಯ ಕಾಲಿನಿಂದ ಮೇಲಕ್ಕೆ ಗಾಜಾದ, ಗಾಜು ನೀರಾಯಿತು, ನೀರು ನೆಲದ ಮೇಲೆ ಹರಿದು ಉಪ್ಪಿನ ಬಿಳಿ ಗೆರೆಯಾಗಿ ಒಣಗಿತು.

ಕತ್ತಿನ ಮೇಲಿದ್ದ ಬೆರಳುಗಳು ಬೆಚ್ಚಗಾದವು. ಅರಸ ತನ್ನ ಕೈ ನೋಡಿಕೊಂಡು, ಮಗಳನ್ನು ನೋಡಿ, ಅವಳ ತಲೆ ಸವರಿದ. ಒಂದೊಂದಾಗಿ ಟಿಸಿಲುಗಳು ಅರಳಿದವು, ಮುರಿದ ಕಡೆ ಚಿಗುರು ಬಂತು. ಮಲಗಿದ್ದವರು ಎದ್ದರು, ಗಂಡಂದಿರು ಹೆಂಡಂದಿರ ಹೆಸರು ಹಿಡಿದು ಕರೆದರು, ಅರಮನೆಯಲ್ಲಿ ಮತ್ತೆ ಗದ್ದಲವಾಯಿತು.

ಚಂದವ್ವೆ ಓಡಿ ಬಂದಳು. ಬಾಚಲೆ ಬಗ್ಗಿ ಮೊದಲು ಅವಳ ಲಂಗದ ಅಂಚು ಮುಟ್ಟಿ ನೋಡಿದಳು. ತೊಟ್ಟಿಯಿಂದ ಚೆಲ್ಲಿದ ನೀರಿಗೆ ಅದು ಒದ್ದೆಯಾಗಿತ್ತು. ಆಗ ತಂಗಿಯನ್ನು ಎತ್ತಿಕೊಂಡಳು.

"ಅಕ್ಕಾ, ಮೀನು ನಮ್ಮನ್ನೇ ನೋಡ್ತಿದೆ."

"ಅದಕ್ಕೆ ಹಸಿವು. ಬಾ, ಚಿಪ್ಪು ಆರಿಸಿಕೊಂಡು ಬರೋಣ" ಎಂದಳು ಬಾಚಲೆ.

ಇಬ್ಬರೂ ಬುಟ್ಟಿ ಹಿಡಿದು ಬಿಸಿಲಿಗೆ ಇಳಿದರು. ಆಮೇಲೆ ಅಲರಗೇರಿಯಲ್ಲಿ ಮೀನಿಗೂ ಮನುಷ್ಯರಿಗೂ ಹೊಟ್ಟೆಗೆ ಕಡಿಮೆಯಾಗಲಿಲ್ಲ. ಎಲ್ಲರೂ ತಮ್ಮ ತಮ್ಮ ಬಣ್ಣದಲ್ಲಿ, ತಮ್ಮ ತಮ್ಮ ದನಿಯಲ್ಲಿ ಬಹುಕಾಲ ಸುಖವಾಗಿ ಬಾಳಿದರು.