ಪ್ರಭಾತಫೇರಿ ಪದ್ಮಾವತಿಯ ಕಡೆಯ ಪ್ರವೇಶ

'ಪ್ರಭಾತಫೇರಿ ಪದ್ಮಾವತಿ' ನಾಟಕಕ್ಕೆ ಎಂಟು ದಿನ ಉಳಿದಿರುವಾಗ ನಾಟಕದ ಕೊನೆಯೇ ಕಳುವಾಯಿತು. ಕದ್ದವನು ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರ ಖಾಸಿಂಸಾಬನೇ ಎಂದು ಲಕ್ಷ್ಮೇಶ್ವರದ ಚಹಾದಂಗಡಿಗಳು ತೀರ್ಪು ಕೊಟ್ಟೂ ಆಗಿತ್ತು. ನಿವೃತ್ತ ಬಸ್ ಕಂಡಕ್ಟರ್ ಪುಂಡಲೀಕಪ್ಪನಿಗೆ ಖಾಸಿಂಸಾಬ ಬಾಲ್ಯದ ಗೆಳೆಯ. ಚಪ್ಪಲಿ ಮೆಟ್ಟುವುದನ್ನೂ ಮರೆತು ಅವನು ಅನ್ನಪೂರ್ಣಕ್ಕನ ಮನೆಗೆ ಓಡಿದ. ಊರಲ್ಲಿ ಏನು ಕಳೆದರೂ ಜನ ಮೊದಲು ನೆನೆಯುತ್ತಿದ್ದುದು ಈ ನಿವೃತ್ತ ಶಿಕ್ಷಕಿಯನ್ನೇ.

"ಅಕ್ಕಾರ, ಸಂಜೀತನಕ ಕಡೀ ಪ್ರವೇಶದ ಹಾಳಿ ಸಿಗಲಿಲ್ಲಂದ್ರ ಖಾಸಿಂನ್ನ ತಗದ ಹಾಕ್ತಾರಂತ್ರಿ! ಕಳ್ಳ ಅನ್ನಿಸಿಕೊಂಡು ಅಂವ ಊರಾಗ ಹೆಂಗ ತಿರಗಾಡ್ಬೇಕ್ರಿ?"

"ಮದ್ಲ ನೀರು ಕುಡಿ. ಆಮ್ಯಾಲೆ ಹೋಗೋಣು," ಎಂದರು ಅನ್ನಪೂರ್ಣಕ್ಕ.

ತಾಲೀಮಿನ ಮನೆಯಲ್ಲಿ ಸಂಘಟಕ ನಿಜಲಿಂಗಪ್ಪ ನಾಟಕ ಬರೆದಿದ್ದ ಹಳೆಯ ವಹಿಯನ್ನು ಮುಂದಿಟ್ಟ. ನಲವತ್ತೆರಡರ ಚಳವಳಿಯ ಕಾಲದ ಕತೆ: ದೇಸಾಯರ ಮಗಳು ಪದ್ಮಾವತಿ, ಅವಳು ಒಲಿದ ಚಳವಳಿಗಾರ, ಅವನ ಬೆನ್ನಟ್ಟಿದ ಪೊಲೀಸ್ ಫೌಜದಾರ, ಹೆಜ್ಜೆಗೊಂದು ಹಾಡು. ಐವತ್ತು ವರ್ಷದ ಹಿಂದೆ ಅದನ್ನಾಡಿದವರಲ್ಲಿ ಈಗ ಉಳಿದವರು ಇಬ್ಬರೇ. ಖಾಸಿಂಸಾಬ ಆಮೇಲೆ ನಾಟಕ ಕಂಪನಿ ಸೇರಿದವನು. ಈ ಸಲದ ತಾಲೀಮಿನಲ್ಲಿ ಕಡೆಯ ಪ್ರವೇಶವನ್ನು ಇನ್ನೂ ಯಾರೂ ಓದಿರಲಿಲ್ಲ. ಆ ಪ್ರವೇಶದ ಹಾಳೆಗಳನ್ನಷ್ಟೇ ಯಾರೋ ಬ್ಲೇಡಿನಿಂದ ಕೊಯ್ದಿದ್ದರು.

"ವಹಿ ಇರೂದು ಪೇಟಿ ಡಬ್ಬಿಯೊಳಗ, ಕೀಲಿ ಈ ಖಾಸಿಂನ ಕಡೆ. ಪೇಟಿ ಬದಲಿ ಕೀಬೋರ್ಡ್ ತರಸೋಣ ಅಂದಿದ್ದೆ, ಅದರ ಸಿಟ್ಟು," ಎಂದ ನಿಜಲಿಂಗಪ್ಪ.

ಖಾಸಿಂಸಾಬನ ಮುಖ ಬಾಡಿತ್ತು. "ನಮಾಜಿಗೆ ಹೋಗೂ ಮುಂದ ಡಬ್ಬಿ ಕೀಲಿ ಹಾಕದಽ ಇಡ್ತಿದ್ನಿ. ಎಲ್ಲಾರೂ ನಮ್ಮವರಽ ಅಲ್ಲೇನ್ರಿ."

ಅಂದೂ ಇಂದೂ ಫೌಜದಾರನ ಪಾತ್ರ ಹೇಮಪ್ಪನದೇ. ಅವನು ಸಮಾಧಾನಕ್ಕೆ ಬಂದ. "ಜಗಳ ಬಿಡ್ರಿ. ಜೈಲಿನ ಪ್ರವೇಶಕ್ಕ ಮುಗಸೋಣು. ಕಡೀಕ ಪದ್ಮಾವತಿ ಒಬ್ಬಾಕೀನಽ ಹಾಡ್ತಾಳ. ಅಷ್ಟೊತ್ತಿಗೆ ನಾ ಬಣ್ಣ ತೊಳಕೋತಿದ್ದೆ."

"ಆಗ ಪದ್ಮಾವತಿ ಆದಾಕಿ ಯಾರು?" ಎಂದು ಕೇಳಿದರು ಅನ್ನಪೂರ್ಣಕ್ಕ.

"ಅಡರಕಟ್ಟಿ ಶಾರದವ್ವ. ಪಾಪ, ಈಗ ಆಕಿಗೆ ಏನೂ ನೆನಪಿಲ್ಲ."

ಅನ್ನಪೂರ್ಣಕ್ಕ ನೇರ ಅಡರಕಟ್ಟಿ ಬಸ್ಸು ಹತ್ತಿದರು. ಪುಂಡಲೀಕಪ್ಪ ದಾರಿಯುದ್ದಕ್ಕೂ ಗಡಿಯಾರ ನೋಡುತ್ತ ಬೆವರಿದ. "ನೆನಪಿಲ್ಲದಾಕಿ ಏನ ಹೇಳ್ಯಾಳ್ರಿ?"

"ಆಕಿ ಹೇಳದಿದ್ರ ಆಕಿ ಟ್ರಂಕು ಹೇಳತೈತಿ."

ಸಂಜೆ ಎಲ್ಲರೂ ಸೇರಿದಾಗ ಅನ್ನಪೂರ್ಣಕ್ಕ ಟ್ರಂಕಿನಲ್ಲಿ ಸಿಕ್ಕ ಹಳದಿಗಟ್ಟಿದ ಪುಸ್ತಕವೊಂದನ್ನು ಬಿಚ್ಚಿದರು.

"ಬ್ಯಾರೆ ಕಂಪನಿ ಕದ್ದೀತಂತ ಅಂಜಿ, ಆಗ ಯಾರಿಗೂ ಪೂರ್ತಿ ನಾಟಕ ಕೊಡತಿರಲಿಲ್ಲ. ಅವರವರ ಮಾತಷ್ಟಽ, ಅದರ ಮ್ಯಾಲೆ ಅದಕ್ಕಿಂತ ಮದ್ಲ ಮಾತಾಡಾವನ ಹೆಸರು, ಅವನ ಕಡೀ ಎರಡು ಶಬ್ದ. ಇದು ಶಾರದವ್ವನ ಪಾರ್ಟು. ಕಡೀ ಪ್ರವೇಶದಾಗ ಆಕಿ ಮಾತಿನ ಮ್ಯಾಲೆ ಹನ್ನೊಂದು ಸಲ ಫೌಜದಾರನ ಹೆಸರೈತಿ. ಒಬ್ಬಾಕೀನಽ ಅಲ್ಲ, ಪ್ರವೇಶ ಪೂರಾ ಅವನದಽ."

ಅವರು ವಹಿಯ ಕೊಯ್ದ ಅಂಚನ್ನು ಬೆರಳಿನಿಂದ ತೋರಿಸಿದರು.

"ಖಾಸಿಂಸಾಬಗ ಸೇಡು ಬೇಕಿದ್ರ ವಹೀನಽ ಸುಡತಿದ್ದ. ಒಂದಽ ಪ್ರವೇಶ ಕೊಯ್ದಾವಗ ನಾಟಕ ಬೇಕು, ಆ ಪ್ರವೇಶ ಬ್ಯಾಡ. ಅದರಾಗ ನಾ ಇರಲಿಲ್ಲಂತ ಸುಳ್ಳು ಹೇಳಿದಾವ ಒಬ್ಬನಽ. ಯಾಕ ಹೇಮಪ್ಪ?"

ಹೇಮಪ್ಪ ಕೋಟಿನ ಒಳಜೇಬಿನಿಂದ ಹಾಳೆಗಳನ್ನು ತೆಗೆದ. "ಮಾತು ನೆನಪಿನ್ಯಾಗ ನಿಲ್ಲವಲ್ವು ಅಕ್ಕಾರ. ಅಷ್ಟುದ್ದ ಪ್ರವೇಶ! ಗೊತ್ತಾದ್ರ ನನ್ನ ತಗದ ಬ್ಯಾರೇದವರನ್ನ ಹಾಕ್ತಾರಂತ ಅಂಜಿದೆ."

ಖಾಸಿಂಸಾಬ ಮೆಲ್ಲಗೆ ಎದ್ದ. "ನಲವತ್ತು ವರ್ಷ ನೀ ಮರತಲ್ಲೆಲ್ಲಾ ನಾನಽ ಪೇಟಿ ನುಡಿಸಿ ಮುಚ್ಚೇನಲ್ಲೋ. ನಂಗ ಒಂದ ಮಾತು ಹೇಳಿದ್ರ ಆಗ್ತಿತ್ತು. ಹಾಳಿ ಕೊಯ್ದದ್ದು ಹೋಗ್ಲಿ. ಇವರು ನನ್ನ ಕಳ್ಳ ಅಂದಾಗ ನೀ ಬಾಜೂಕ ಸುಮ್ಮ ಕುಂತಿದ್ಯಲ್ಲ."

ಹೇಮಪ್ಪ ಹಾಳೆಗಳನ್ನು ವಹಿಯೊಳಗಿಟ್ಟ. ಖಾಸಿಂಸಾಬ ಪೇಟಿಯ ಮುಂದೆ ಕೂತು ಅದರ ತಿದಿ ಒತ್ತಿದ.

"ಏಳು, ತಾಲೀಮು ಸುರು ಮಾಡು. ಮರತ್ರ ನಿಲ್ಲು, ನಾ ನುಡಸ್ತೇನಿ. ಆದ್ರ ನಾಟಕ ಮುಗದ ಮ್ಯಾಲೆ ನನ್ನ ಮನಿ ಕಡೆ ಬರಬ್ಯಾಡ."

ಗೆಳೆಯನ ಮಾನ ಉಳಿಯಿತೆಂದು ಪುಂಡಲೀಕಪ್ಪನಿಗೆ ಖುಷಿಯಾಗಬೇಕಿತ್ತು. ಆಗಲಿಲ್ಲ.